ಸೊಣ್ಣಮ್ಮನ ಗಿಡ್ಡ ಮೊಳ

ಸೊಣ್ಣಮ್ಮನ ಕೈ ಗಿಡ್ಡ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಜಯನಗರದ ನಾಲ್ಕನೇ ಬ್ಲಾಕಿಗೆ ಹೂವು ಕೊಳ್ಳಲು ಬರುತ್ತಿದ್ದ ಹೆಂಗಸರು ಅವಳಿಗೆ ಮೊದಲು ಹೇಳುತ್ತಿದ್ದ ಮಾತೇ ಅದು. "ಏನಮ್ಮಾ, ನಿನ್ನ ಮೊಳ ಇಷ್ಟೇನಾ?" ಎಂದು ಒಬ್ಬರು ಮೂಗು ಮುರಿದರೆ, ಇನ್ನೊಬ್ಬರು ತಮ್ಮ ಕೈಯನ್ನೇ ಮುಂದೆ ಚಾಚಿ "ತಗೋ, ಇದ್ರಲ್ಲಿ ಅಳಿ" ಎನ್ನುತ್ತಿದ್ದರು. ಸೊಣ್ಣಮ್ಮ ಬಿಡುವ ಪೈಕಿ ಅಲ್ಲ. "ದೇವ್ರು ಕೊಟ್ಟಿರೋ ಕೈ ಕಣಮ್ಮ, ಎಳೆದು ಉದ್ದ ಮಾಡ್ಕೊಳ್ಳೋಕಾಯ್ತದಾ? ಕಟ್ಟಿರೋ ಒತ್ತು ನೋಡಿ, ಒಂದು ಮೊಗ್ಗು ಜಾರಿದ್ರೆ ನನ್ನ ಕೇಳಿ" ಎಂದು ತಿರುಗಿಸಿ ಹೇಳುತ್ತಿದ್ದಳು. ಅದು ಸುಳ್ಳಲ್ಲ. ಅವಳಷ್ಟು ಒತ್ತಾಗಿ ಮಲ್ಲಿಗೆ ಕಟ್ಟುವವರು ಆ ಫುಟ್‌ಪಾತಿನಲ್ಲಿ ಇನ್ನೊಬ್ಬರಿರಲಿಲ್ಲ.

ಹೂವಾಡಗಿತ್ತಿಯ ಮೊಳವೆಂದರೆ ಅವಳ ಮೊಳಕೈಯಿಂದ ನಡುಬೆರಳ ತುದಿಯವರೆಗೆ. ಅಷ್ಟು ಅಳೆದ ಮೇಲೆ ಎರಡು ಬೆರಳಷ್ಟು ಹೆಚ್ಚಿಗೆ ಬಿಟ್ಟು ಕತ್ತರಿಸಿ ಕೊಡಬೇಕು. ಆ ಎರಡು ಬೆರಳಿನ ಹೂವೇ ಕೊಸರು. ಕೊಸರಿಲ್ಲದೆ ಹೂವು ಕೊಂಡರೆ ಮನೆಗೆ ಹೋದ ಮೇಲೂ ಏನೋ ಮರೆತು ಬಂದ ಹಾಗಾಗುತ್ತದೆ ಎಂದು ನಂಬಿದ ಕಾಲ ಅದು. ಅಂಗಡಿಯಲ್ಲಿ ತೆಪ್ಪಗೆ ಎಂ.ಆರ್.ಪಿ. ಕೊಟ್ಟು ಬರುವ ಇವತ್ತಿನವರಿಗೆ ಈ ಸುಖ ಹೇಳಿದರೂ ತಿಳಿಯದು.

ಸೊಣ್ಣಮ್ಮ ಹುಟ್ಟಿದ್ದು ಹೊಸಕೆರೆಹಳ್ಳಿಯ ಕನಕಾಂಬರದ ತೋಟದವರ ಮನೆಯಲ್ಲಿ. ಮದುವೆಯಾಗಿ ಯಡಿಯೂರಿಗೆ ಬಂದಳು. ಗಂಡ ರಾಮಯ್ಯ ಜಯನಗರದ ಪಾರ್ಕೊಂದರಲ್ಲಿ ಮಾಲಿ. ಮನೆಯ ಮಾತನ್ನೆಲ್ಲ ಹೆಂಡತಿಗೆ ಗುತ್ತಿಗೆ ಕೊಟ್ಟವನಂತೆ ಸುಮ್ಮನಿರುವ ಮನುಷ್ಯ. ಇಬ್ಬರು ಹೆಣ್ಣುಮಕ್ಕಳು ಸ್ಕೂಲಿಗೆ ಹೋಗುತ್ತಿದ್ದರು. ಹೂವು ಕಟ್ಟುವುದು ಅವಳಿಗೆ ಯಾರೂ ಕಲಿಸಿದ್ದಲ್ಲ, ನಡೆಯುವುದನ್ನು ಕಲಿತ ಹಾಗೆಯೇ ಬಂದದ್ದು.

ಅವಳ ಪಕ್ಕದಲ್ಲಿ ಕೂರುತ್ತಿದ್ದವಳು ವಿಲ್ಸನ್ ಗಾರ್ಡನ್ನಿನ ಗೋವಿಂದಮ್ಮ. ಆರಡಿಗೆ ಸ್ವಲ್ಪ ಕಮ್ಮಿ, ಅದಕ್ಕೆ ತಕ್ಕ ಕೈ. ಗೋವಿಂದಮ್ಮನ ಮೊಳವೆಂದರೆ ಗಿರಾಕಿಗಳಿಗೆ ಹಬ್ಬ. ಇಬ್ಬರೂ ಬುಟ್ಟಿ ಇಟ್ಟುಕೊಂಡು ಕೂತರೆ ನೋಡಿದವರಿಗೆ ನಗು ಬರುತ್ತಿತ್ತು. ಇಬ್ಬರಿಗೂ ಒಂದೇ ಎಲೆ‌ಅಡಿಕೆ ಚೀಲ, ಒಂದೇ ಕೊಡೆ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಎರಡೂ ಬುಟ್ಟಿ ಮಾರಿ ಹೋಗುತ್ತಿದ್ದಳು. ಅಲ್ಲಿ ಶಾಪಿಂಗ್ ಕಾಂಪ್ಲೆಕ್ಸ್ ಕಟ್ಟುವ ಮೊದಲಿನಿಂದಲೂ ಹೀಗೇ ನಡೆದುಕೊಂಡು ಬಂದಿತ್ತು.

ಇವರಿಗೆಲ್ಲ ಬಿಡಿಹೂವು ತಂದು ಹಾಕುತ್ತಿದ್ದವನು ಬೈಲಪ್ಪ. ಬೆಳಕು ಹರಿಯುವ ಹೊತ್ತಿಗೆ ಸಿಟಿ ಮಾರ್ಕೆಟ್ಟಿನಿಂದ ಮೂರು ಚಕ್ರದ ಟೆಂಪೋದಲ್ಲಿ ಹೂವು ತುಂಬಿಕೊಂಡು ಬರುತ್ತಿದ್ದ. ಬೈಲಪ್ಪ ಕೂಗಾಡುವ ಮನುಷ್ಯನಲ್ಲ. "ತಂಗಿ", "ಅವ್ವ" ಎಂದೇ ಮಾತಾಡಿಸುತ್ತಿದ್ದ. ಆದರೆ ಯಾರ ಬುಟ್ಟಿಗೆ ಯಾವ ಹೂವು ಎನ್ನುವುದು ಅವನ ಮರ್ಜಿ. ನಕ್ಕು ಮಾತಾಡಿದವಳಿಗೆ ದುಂಡುಮಲ್ಲಿಗೆ. ಸುಮ್ಮನಿದ್ದವಳಿಗೆ ಘಮವಿಲ್ಲದ ಕಾಕಡ. ಪ್ರಶ್ನೆ ಕೇಳಿದವಳಿಗೆ ನಿನ್ನೆಯ ಹೂವು, ಅದೂ ನೀರು ಚಿಮುಕಿಸಿ ತೂಕ ಬರಿಸಿದ್ದು. ನೀರಿಗೂ ಹೂವಿನ ರೇಟು.

ಎಪ್ಪತ್ತೆಂಟನೇ ಇಸವಿಯ ಗೌರಿ ಹಬ್ಬದ ಹಿಂದಿನ ದಿನ ಸೊಣ್ಣಮ್ಮ ಒಂದು ಪ್ರಶ್ನೆ ಕೇಳಿದಳು.

"ಬೈಲಪ್ಪಣ್ಣ, ಮಾರ್ಕೆಟ್‌ನಾಗೆ ಇವತ್ತು ಮಲ್ಲಿಗೆ ಏನು ರೇಟು ಹೋಯ್ತು?"

ಬೈಲಪ್ಪ ಮುಗುಳ್ನಕ್ಕ. "ಯಾಕೆ ತಂಗಿ, ಮಾರ್ಕೆಟ್ಟಿಗೆ ನೀನೇ ಹೋಗ್ತೀಯಾ?" ಎಂದ. ಅಷ್ಟೇ.

ಮಾರನೆಯ ದಿನ ಹಬ್ಬ. ಬೀದಿ ತುಂಬ ರೇಷ್ಮೆ ಸೀರೆ. ಎಲ್ಲರ ಬುಟ್ಟಿಗೂ ಬೆಳ್ಳಗಿನ ಮೊಗ್ಗು ಬಿತ್ತು. ಸೊಣ್ಣಮ್ಮನ ಬುಟ್ಟಿಗೆ ಬಿದ್ದದ್ದು ಅರಳಿ ಕಂದಿದ ಹೂವು. ಅವಳು ಎಷ್ಟೇ ಒತ್ತಾಗಿ ಕಟ್ಟಿದರೂ ಕಂದು ಮುಚ್ಚಲಿಲ್ಲ. ವರ್ಷವಿಡೀ ಅವಳ ಹತ್ತಿರವೇ ಕೊಳ್ಳುತ್ತಿದ್ದವರೂ ಬುಟ್ಟಿ ನೋಡಿ, ಮುಖ ನೋಡದೆ ಮುಂದಕ್ಕೆ ಹೋದರು. ಗೋವಿಂದಮ್ಮ ತನ್ನ ಬುಟ್ಟಿಯಿಂದ ಎರಡು ಬೊಗಸೆ ಮೊಗ್ಗು ತೆಗೆದು ಅವಳ ಬುಟ್ಟಿಗೆ ಸುರಿದಳು. ಆವತ್ತು ಸೊಣ್ಣಮ್ಮ ಮಾರಿದ್ದು ಅಷ್ಟೇ. ಹಬ್ಬದ ದಿನ ಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅವಮಾನವಾಗಿತ್ತು. ಇನ್ನು ಸತ್ತರೂ ಆ ಟೆಂಪೋದ ಮುಂದೆ ಬುಟ್ಟಿ ಹಿಡಿದು ನಿಲ್ಲುವುದಿಲ್ಲ ಎಂದು ಹಟಕ್ಕೆ ಬಿದ್ದಳು. ಆದರೆ ನಿಲ್ಲದೆ ಏನು ಮಾಡುವುದು? ಒಬ್ಬಳೇ ಮಾರ್ಕೆಟ್ಟಿಗೆ ಹೋದರೆ ಒಂದು ಬುಟ್ಟಿ ಕೊಳ್ಳುವವಳನ್ನು ಮಂಡಿಯವರು ಕಣ್ಣೆತ್ತಿ ನೋಡುವುದಿಲ್ಲ. ಮೂರು ದಿನ ಕಳೆದ ಮೇಲೆ ಮತ್ತೆ ಅದೇ ಟೆಂಪೋದ ಮುಂದೆ ನಿಂತಳು.

ಅವಳ ಗಿರಾಕಿಗಳಲ್ಲಿ ಶಾಮಣ್ಣ ಎನ್ನುವವರಿದ್ದರು. ಸಹಕಾರ ಇಲಾಖೆಯಲ್ಲಿ ದುಡಿದು ರಿಟೈರಾದವರು. ಐದನೇ ಬ್ಲಾಕಿನಲ್ಲಿ ಸ್ವಂತ ಮನೆ. ಕಾರು ಕೊಳ್ಳುತ್ತೇನೆಂದು ಮನೆಯ ಮುಂದೆ ಶೆಡ್ಡು ಕಟ್ಟಿಸಿದ್ದರು. ಶೆಡ್ಡು ಮುಗಿಯುವ ಹೊತ್ತಿಗೆ ದುಡ್ಡೂ ಮುಗಿದು, ಕಾರಿಲ್ಲದ ಆ ಶೆಡ್ಡಿನಲ್ಲಿ ಒಂದು ಮುರುಕು ಸೈಕಲ್ಲು ಹಾಯಾಗಿ ಕಾಲು ಚಾಚಿಕೊಂಡಿತ್ತು. ರಿಟೈರಾದ ಮೇಲೆ ಶಾಮಣ್ಣನವರಿಗೆ ಭಾಷಣ ಕೇಳುವ ಜನ ಸಿಕ್ಕುತ್ತಿರಲಿಲ್ಲ. ಹಬ್ಬದ ಕಥೆಯನ್ನು ಸೊಣ್ಣಮ್ಮ ಹೇಳಿಕೊಂಡಾಗ ಅವರ ಮುಖ ಅರಳಿತು.

"ನೋಡಮ್ಮ, ಒಬ್ಬೊಬ್ರೇ ಹೋದ್ರೆ ನೀವು ಗಿರಾಕಿಗಳು. ಹತ್ತು ಜನ ಒಟ್ಟಾಗಿ ಹೋದ್ರೆ ನೀವೇ ವ್ಯಾಪಾರಸ್ಥರು. ಸಂಘ ಮಾಡ್ಕೊಳ್ಳಿ. ಹೂವು ನೀವೇ ತರ್ಸಿ, ನೀವೇ ಹಂಚ್ಕೊಳ್ಳಿ. ಖರ್ಚು ಕಳೆದು ಏನು ಉಳಿಯತ್ತೋ ಅದೂ ನಿಮ್ದೇ."

"ಅದಕ್ಕೆ ಯಜಮಾನ ಯಾರಾಗ್ತಾರೆ ಸಾಮಿ? ನೀವಾ?"

"ಅಯ್ಯೋ, ನಾನ್ಯಾಕೆ! ನೀವೇ ಯಜಮಾನ್ರು. ಎಲ್ರೂ ಒಂದೊಂದು ಷೇರು ಹಾಕ್ಬೇಕು. ಒಬ್ಳು ಹತ್ತು ಷೇರು ಹಾಕಿದ್ರೂ ಅವಳಿಗೆ ಒಂದೇ ಓಟು, ಒಂದೇ ಷೇರಿನೋಳಿಗೂ ಒಂದೇ ಓಟು. ಮಾತು ಹಣದ್ದಲ್ಲ, ತಲೇದು."

ಇದು ಸೊಣ್ಣಮ್ಮನಿಗೆ ನಂಬಲಾಗಲಿಲ್ಲ. ದುಡ್ಡಿದ್ದವನ ಮಾತು ನಡೆಯದ ಜಾಗ ಭೂಮಿಯ ಮೇಲಿದೆ ಎಂದು ಅವಳಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಬೇರೆ ಬೇರೆ ಮನೆಯ ಹತ್ತು ಜನ ಬೇಕು ಎನ್ನುವುದು ಸರ್ಕಾರದ ಕಾನೂನು. ಒಂಬತ್ತು ಜನ ಹೇಗೋ ಕೂಡಿಬಂದರು. ಹತ್ತನೆಯವಳು ಸಿಕ್ಕಲಿಲ್ಲ. ಉಳಿದಿದ್ದವಳು ಮುದುಕಿ ಮುನಿಯಕ್ಕ. ಅವಳು ಬೈಲಪ್ಪನಿಗೆ ದೂರದ ನೆಂಟಳು, ಹೆದರುಪುಕ್ಕಲಿ ಬೇರೆ. ಸೊಣ್ಣಮ್ಮ ಬೇಡಿಕೊಂಡಳು, ಬೈದಳು, ಅತ್ತಳು. ಮುನಿಯಕ್ಕ ಜಗ್ಗಲಿಲ್ಲ. ಕಡೆಗೆ ಗೋವಿಂದಮ್ಮ ಒಂದು ಸಂಜೆ ಹೋಗಿ ಅವಳ ಪಕ್ಕ ಕೂತು, ಅವಳ ಹೂವು ಕಟ್ಟಿಕೊಡುತ್ತ ಸುಮ್ಮನೆ ಅದೂ ಇದೂ ಮಾತಾಡಿ ಬಂದಳು. ಸಂಘದ ಮಾತು ಎತ್ತಿದ್ದು ಎದ್ದು ಬರುವಾಗ ಮಾತ್ರ. "ನೀನು ಬರ್ದಿದ್ರೆ ನಾವು ಒಂಬತ್ತು ಜನಾನೂ ಬೈಲಪ್ಪಣ್ಣನ ಹತ್ರಾನೇ ಇರ್ಬೇಕು ಮುನಿಯಕ್ಕ. ನೋಡು." ಮಾರನೆಯ ದಿನ ಮುನಿಯಕ್ಕ ಷೇರಿನ ಹಣವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು.

"ಹತ್ತಕ್ಕಿಂತ ಒಬ್ರು ಕಮ್ಮಿ ಆದ್ರೂ ಬಾಗಿಲು ಮುಚ್ಚಿಸಿಬಿಡ್ತಾರೆ. ಜೋಪಾನ" ಎಂದು ಶಾಮಣ್ಣನವರು ಎಚ್ಚರಿಸಿದರು.

ಎಪ್ಪತ್ತೊಂಬತ್ತರ ಯುಗಾದಿಯ ಹೊತ್ತಿಗೆ ಸಂಘ ಶುರುವಾಯಿತು. ಮುರುಕು ಸೈಕಲ್ಲನ್ನು ಹೊರಗೆ ಹಾಕಿ ಶೆಡ್ಡಿಗೆ ಸುಣ್ಣ ಬಳಿದರು. ದಿನಕ್ಕೆ ಇಬ್ಬರಂತೆ ಸರದಿ ಮೇಲೆ ಮೊದಲನೇ ಬಸ್ಸಿಗೆ ಸಿಟಿ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದರು. ಹತ್ತು ಬುಟ್ಟಿಯ ಹೂವನ್ನು ಒಟ್ಟಿಗೆ ಕೊಳ್ಳಲು ಬಂದವರನ್ನು ಮಂಡಿಯವರು "ಬನ್ನಿ ಅಕ್ಕ, ಕೂತ್ಕೊಳ್ಳಿ" ಎಂದು ಕರೆದರು. ಮೊದಲ ದಿನ ಹಾಗೆ ಕರೆಸಿಕೊಂಡಾಗ ಸೊಣ್ಣಮ್ಮನಿಗೆ ಕಣ್ಣು ತುಂಬಿತು, ಆದರೆ ರೇಟು ಚೌಕಾಸಿ ಮಾಡುವುದಿತ್ತು, ಅಳಲು ಪುರಸೊತ್ತಿರಲಿಲ್ಲ.

ತಂದ ಹೂವನ್ನು ಶೆಡ್ಡಿನಲ್ಲಿ ತಕ್ಕಡಿಯಲ್ಲಿ ತೂಗಿ ಎಲ್ಲರಿಗೂ ಹಂಚಬೇಕು. ರೇಟು ಬೈಲಪ್ಪನದಕ್ಕಿಂತ ಸ್ವಲ್ಪ ಕಮ್ಮಿ, ಮಾರ್ಕೆಟ್ಟಿನದಕ್ಕಿಂತ ಸ್ವಲ್ಪ ಜಾಸ್ತಿ. ನಡುವೆ ಉಳಿಯುವುದೇ ಸಂಘದ ಲಾಭ. ವರ್ಷದ ಕೊನೆಗೆ ಅದರಲ್ಲಿ ಒಂದು ಪಾಲನ್ನು ಆಪತ್ಕಾಲಕ್ಕೆಂದು ಎತ್ತಿಟ್ಟು, ಉಳಿದದ್ದನ್ನು ಸದಸ್ಯರಿಗೆ ಬೋನಸ್ ಕೊಡಬೇಕು. ಯಾರಿಗೆ ಎಷ್ಟು? "ಯಾರು ಸಂಘದ ಜೊತೆ ಎಷ್ಟು ವ್ಯವಹಾರ ಮಾಡಿದ್ರೋ ಅವರಿಗಷ್ಟು. ಹೇಗೆ ಲೆಕ್ಕ ಇಡೋದು ಅಂತ ನೀವೇ ಹೇಳಿ" ಎಂದರು ಶಾಮಣ್ಣನವರು. ಹತ್ತೂ ಜನ ಒಂದೇ ಬಾಯಲ್ಲಿ ಹೇಳಿದರು: "ಎಷ್ಟು ಮೊಳ ಮಾರಿದ್ವೋ ಅಷ್ಟು." ಅವರು ಹುಟ್ಟಿದಾಗಿನಿಂದ ಎಲ್ಲವನ್ನೂ ಎಣಿಸಿದ್ದು ಮೊಳದಲ್ಲೇ. ಪ್ರತಿಯೊಬ್ಬಳಿಗೂ ಒಂದೊಂದು ಡಬ್ಬ ಇಟ್ಟರು. ಸಂಜೆ ಬಂದು, ಹತ್ತು ಮೊಳಕ್ಕೊಂದು ಹುಣಿಸೆ ಬೀಜದಂತೆ ಹಾಕಿ ಹೋಗುವುದು. ಸುಳ್ಳು ಬೀಜ ಹಾಕುವಂಥವರು ಅವರಲ್ಲಿ ಯಾರೂ ಇರಲಿಲ್ಲ. ಇಲ್ಲೊಂದು ತಪ್ಪು ಕೂತಿದೆ ಎಂದು ಹತ್ತು ಜನಕ್ಕೂ ಹೊಳೆಯಲಿಲ್ಲ. ಯಾವಾಗಲೂ ಸೊಣ್ಣಮ್ಮನ ಹತ್ತಿರವೇ ಹೂವು ಕೊಂಡಿದ್ದ ಶಾಮಣ್ಣನವರಿಗಂತೂ ಹೊಳೆಯುವ ಮಾತೇ ಇಲ್ಲ.

ಅಧ್ಯಕ್ಷೆ ಯಾರಾಗಬೇಕು ಎಂದಾಗ ಎಲ್ಲರೂ ಸೊಣ್ಣಮ್ಮನ ಕಡೆ ನೋಡಿದರು. ಇನ್ನು ಯಾರ ಕಡೆ ನೋಡುತ್ತಾರೆ? ಅವಳು ಮೊದಮೊದಲು "ನಂಗ್ಯಾಕಪ್ಪ ಅದೆಲ್ಲ" ಎಂದಳು. ಆಮೇಲೆ ಅಧ್ಯಕ್ಷೆಯಾಗುವುದು ಅವಳಿಗೆ ಬಹಳ ರುಚಿಸಿತು. ತಕ್ಕಡಿ ಅವಳ ಕೈಯಲ್ಲಿ, ಶೆಡ್ಡಿನ ಬೀಗದ ಕೈ ಅವಳ ಸೊಂಟದಲ್ಲಿ. ಸರದಿ ಇಲ್ಲದ ದಿನವೂ ಮಾರ್ಕೆಟ್ಟಿಗೆ ಹೋಗಿ ಮಂಡಿಯವನ ಜೊತೆ ಗುದ್ದಾಡಿ ಬರುತ್ತಿದ್ದಳು. ಮಕ್ಕಳಿಗೆ ತಲೆ ಬಾಚುವಾಗಲೂ ಸಂಘದ ಮಾತು. ರಾಮಯ್ಯ ಒಂದು ದಿನ "ನಾನೂ ಒಂದು ಷೇರು ಹಾಕ್ಲಾ? ಆಗ್ಲಾದ್ರೂ ನನ್ನ ಮಾತು ಕೇಳ್ತೀಯ" ಎಂದ. ಅದು ಅವನು ಆ ವರ್ಷ ಆಡಿದ ಅತಿ ಉದ್ದದ ಮಾತು.

ಆ ವರ್ಷದ ಗೌರಿ ಹಬ್ಬಕ್ಕೆ ಹತ್ತು ಬುಟ್ಟಿಯಲ್ಲೂ ಒಂದೇ ಥರದ ಮೊಗ್ಗು. ಮುನಿಯಕ್ಕನ ಬುಟ್ಟಿಯಲ್ಲಿ ಎಷ್ಟೋ ವರ್ಷದ ಮೇಲೆ ದುಂಡುಮಲ್ಲಿಗೆ ಬಂದಿತ್ತು. ಮುದುಕಿ ಅದನ್ನು ಮಾರುವ ಮೊದಲು ಒಂದು ಬೊಗಸೆ ಎತ್ತಿ ಮೂಸಿ ನೋಡಿದಳು. ಬೈಲಪ್ಪನ ಟೆಂಪೋ ಎದುರುಗಡೆ ರಸ್ತೆಯಲ್ಲಿ ಬೇರೆ ಹೂವಿನವರಿಗಾಗಿ ನಿಲ್ಲುತ್ತಲೇ ಇತ್ತು. ಅವನು ಕೋಪ ಮಾಡಿಕೊಳ್ಳಲಿಲ್ಲ. "ನಡೀಲಿ ನಡೀಲಿ, ಹೆಂಗಸ್ರು ಸಂಘ ಎಷ್ಟು ದಿನ ನಡೆಯತ್ತೆ ನಾನೂ ನೋಡ್ತೀನಿ" ಎಂದು ನಗುತ್ತಿದ್ದ.

ಅವನಿಗೆ ನೋಡಲು ಸಿಕ್ಕಿತು. ವರ್ಷ ತುಂಬಿ, ಶಾಮಣ್ಣನವರು ಡಬ್ಬಗಳನ್ನು ಸುರಿದು ಬೋನಸ್ಸಿನ ಲೆಕ್ಕ ಹಾಕಿದರು. ಎಲ್ಲರಿಗಿಂತ ದೊಡ್ಡ ಗುಡ್ಡೆ ಸೊಣ್ಣಮ್ಮನ ಬೀಜದ್ದು. ಎಲ್ಲರಿಗಿಂತ ಚಿಕ್ಕದು ಗೋವಿಂದಮ್ಮನದು. ಸೊಣ್ಣಮ್ಮನಿಗೆ ಒಳಗೇ ಖುಷಿಯಾಯಿತು. ಓಡಾಡಿದ್ದಕ್ಕೆ ದೇವರು ಕಣ್ಣು ಬಿಟ್ಟ ಎಂದುಕೊಂಡಳು. ಗೋವಿಂದಮ್ಮ ಎರಡು ಗುಡ್ಡೆಯನ್ನೂ ದಿಟ್ಟಿಸಿ ನೋಡಿದಳು.

"ದಿನಾ ನೀನು ತಗೊಂಡಷ್ಟೇ ಹೂವು ನಾನೂ ತಗೊಂಡಿದೀನಲ್ಲೇ ಸೊಣ್ಣಿ. ಒಂದು ದಿನಾನೂ ಹೂವು ಉಳಿಸ್ಲಿಲ್ಲ. ನಿಂದು ಅಷ್ಟು, ನಂದು ಇಷ್ಟು ಹೆಂಗಾಯ್ತು?"

ಗೋವಿಂದಮ್ಮ ತನ್ನ ಕೈ ಎತ್ತಿ ನೋಡಿಕೊಂಡಳು. ಆಮೇಲೆ ಸೊಣ್ಣಮ್ಮನ ಕೈ ನೋಡಿದಳು. ಆಗ ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಅಷ್ಟೇ ಹೂವು ಗಿಡ್ಡ ಕೈಯಲ್ಲಿ ಹೆಚ್ಚು ಮೊಳವಾಗುತ್ತದೆ, ಉದ್ದ ಕೈಯಲ್ಲಿ ಕಮ್ಮಿ. ಗಿರಾಕಿಗೆ ಹೆಚ್ಚು ಹೂವು ಕೊಟ್ಟವಳಿಗೆ ಬೋನಸ್ ಕಮ್ಮಿಯಾಗಿತ್ತು.

ಸೊಣ್ಣಮ್ಮ ಆ ಕ್ಷಣದಲ್ಲಿ "ಹೌದಲ್ಲ ಕಣೆ, ತಪ್ಪಾಗಿದೆ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸಂತೋಷದ ನೆತ್ತಿಯ ಮೇಲೆ ತಣ್ಣೀರು ಬಿದ್ದವಳು ಹಾಗೆ ಹೇಳುತ್ತಾಳೆಯೇ? "ನಾನು ಮೂರು ಹೊತ್ತೂ ಸಂಘ ಸಂಘ ಅಂತ ಸಾಯ್ತಾ ಇರೋದು ಯಾರ ಕಣ್ಣಿಗೂ ಬೀಳಲ್ಲ. ನಾಲ್ಕು ಕಾಸು ಜಾಸ್ತಿ ಬಂದ್ರೆ ಮಾತ್ರ ಎಲ್ರ ಹೊಟ್ಟೆ ಉರಿಯತ್ತೆ" ಎಂದುಬಿಟ್ಟಳು.

"ನಿನ್ನ ಕೈ ಅಳತೆಗೆ ಸಂಘ ಹೊಲ್ಸ್ಕೊಂಡಿದೀಯ" ಎಂದಳು ಗೋವಿಂದಮ್ಮ.

ಶಾಮಣ್ಣನವರು ಸಮಾಧಾನ ಮಾಡಲು ಹೋಗಿ ಇನ್ನೊಂದು ಎಡವಟ್ಟು ಮಾಡಿದರು. ಎಲ್ಲರಿಗೂ ಒಂದೇ ಮೊಳವಿರಲಿ ಎಂದು, ಕೈ ಮಧ್ಯಮವಾಗಿದ್ದ ಪಾರ್ವತಮ್ಮ ಎನ್ನುವವಳ ಅಳತೆಗೆ ಹತ್ತು ಕೋಲು ಕಡಿಸಿ ಹಂಚಿದರು. ಮಾರನೆಯ ದಿನ ಎಲ್ಲರೂ ಕೋಲು ಹಿಡಿದು ಕೂತರು. ಸೊಣ್ಣಮ್ಮನಿಗೆ ಕೋಲು ಉದ್ದವಾಯಿತು, ಗೋವಿಂದಮ್ಮನಿಗೆ ಗಿಡ್ಡವಾಯಿತು. ಗಿರಾಕಿಗಳಿಗೆ ಮಾತ್ರ ಯಾವುದೂ ಸರಿಹೋಗಲಿಲ್ಲ. ದಿನಾ ಬರುವ ನಾಗಲಕ್ಷ್ಮಮ್ಮ ಎನ್ನುವ ಮುತ್ತೈದೆ ಕೋಲು ಕಂಡು ಹೌಹಾರಿದರು.

"ಇದೇನೇ ಗೋವಿಂದಮ್ಮ, ಕೋಲಲ್ಲಿ ಅಳೆದು ಕೊಡೋಕೆ ಇದೇನು ರವಿಕೆ ಬಟ್ಟೆನಾ? ಮೊಳಾನೂ ಚಿಕ್ಕದಾಯ್ತು, ಕೊಸರೂ ಹೋಯ್ತು! ದೇವರಿಗೆ ಹಾಕೋ ಹೂವು ಕಣೇ."

ಗೋವಿಂದಮ್ಮನ ಮುಖ ಸಣ್ಣಗಾಯಿತು. ತನ್ನ ಅತ್ತೆಯ ಕಾಲದಿಂದ ಹೂವು ಕೊಳ್ಳುತ್ತಿದ್ದ ಮನೆ ಅದು. ಕೋಲನ್ನು ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿ ಚರಂಡಿಗೆ ಎಸೆದಳು. ಮಾರನೆಯ ಬೆಳಗ್ಗೆ ಶೆಡ್ಡಿಗೆ ಬರಲಿಲ್ಲ. ಬುಟ್ಟಿ ಹಿಡಿದು ಬೈಲಪ್ಪನ ಟೆಂಪೋದ ಮುಂದೆ ನಿಂತಿದ್ದಳು. ಬೈಲಪ್ಪ ಅವಳಿಗೆ ಆರಿಸಿ ಆರಿಸಿ ದುಂಡುಮಲ್ಲಿಗೆ ಹಾಕಿದ. ಅವತ್ತಿನಿಂದ ಇಬ್ಬರು ಗೆಳತಿಯರ ಬುಟ್ಟಿಗಳ ನಡುವೆ ಇನ್ನೊಂದು ಬುಟ್ಟಿ ಇಡುವಷ್ಟು ಜಾಗ ಬಿತ್ತು. ಎಲೆ‌ಅಡಿಕೆ ಚೀಲವೂ ಎರಡಾಯಿತು.

"ಅವಳು ಬಾಯಲ್ಲಿ ಬಿಟ್ಟೆ ಅಂದ್ರೆ ಆಗಲ್ಲ, ಬರೆದು ಕೊಡೋವರೆಗೂ ಸದಸ್ಯೇನೇ. ಭಾನುವಾರ ವಾರ್ಷಿಕ ಸಭೆ. ಅವಳಿಗೂ ಹೇಳ್ಬೇಕು. ಅವಳು ಹೋದ್ರೆ ನೀವು ಒಂಬತ್ತು, ನೆನಪಿಟ್ಕೊಳ್ಳಿ" ಎಂದರು ಶಾಮಣ್ಣನವರು.

ಹೇಳಬೇಕಾದವಳು ಅಧ್ಯಕ್ಷೆ. ಸೊಣ್ಣಮ್ಮ ಎರಡು ದಿನ ಮುಂದೂಡಿದಳು. ಬುಟ್ಟಿಯಿಂದ ಬುಟ್ಟಿಗೆ ಒಂದು ಗಜ ದೂರ, ಅದನ್ನು ದಾಟಲು ಅವಳಿಗೆ ಆಗುತ್ತಿರಲಿಲ್ಲ. ಶನಿವಾರ ಎದ್ದುಹೋಗುವಾಗ ರಸ್ತೆ ಕಡೆ ನೋಡುತ್ತ, "ನಾಳೆ ಸಭೆ. ಬಂದ್ರೆ ಬಾ, ಬಿಟ್ರೆ ಬಿಡು" ಎಂದಳು. ಗೋವಿಂದಮ್ಮ ಹೂವು ಕಟ್ಟುತ್ತಲೇ ಇದ್ದಳು.

ಭಾನುವಾರ ಶೆಡ್ಡಿನಲ್ಲಿ ಚಾಪೆ ಹಾಸಿ ಒಂಬತ್ತು ಜನ ಕೂತರು. ಶಾಮಣ್ಣನವರ ಮನೆಯಿಂದ ಕಾಫಿ ಬಂತು. ಕಾಫಿ ಮುಗಿಯುವ ಹೊತ್ತಿಗೆ ಗೋವಿಂದಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ಒಳಗೆ ಬಂದಳು. ಆ ಬಾಗಿಲಿಗೆ ಅವಳು ಯಾವಾಗಲೂ ತಲೆ ಬಗ್ಗಿಸಲೇಬೇಕಿತ್ತು.

ಮೊದಲು ಮಾತಾಡಿದವಳು ಗೋವಿಂದಮ್ಮನೇ. ನಿಂತುಕೊಂಡೇ ಹೇಳಿದಳು.

"ನನ್ನ ಮೊಳ ನಾನು ಗಿಡ್ಡ ಮಾಡಲ್ಲ. ಸೊಣ್ಣಿ ಮೊಳಾನ ಉದ್ದ ಮಾಡು ಅಂತಾನೂ ಕೇಳಲ್ಲ. ಅವಳ ಕೈ ಅವಳದು, ಅವಳ ಗಿರಾಕಿ ಅವಳದು. ಈ ಸಂಘ ಹೂವು ತರೋಕೆ ಮಾಡಿದ್ದು ತಾನೆ? ಮಾರೋಕಲ್ವಲ್ಲ. ಹಂಗಿದ್ರೆ ತಗೊಂಡ ಹೂವಿನ ಮೇಲೆ ಲೆಕ್ಕ ಇಡಿ. ಯಾರು ಎಷ್ಟು ತೂಕ ತಗೊಂಡ್ರೋ ಅಷ್ಟು ಬೋನಸ್ಸು. ತಕ್ಕಡಿಗೆ ಗಿಡ್ಡ ಕೈ, ಉದ್ದ ಕೈ ಅಂತ ಇಲ್ಲ. ಹಳೇದು ಹೋಗ್ಲಿ, ನಂಗೇನೂ ಬೇಡ. ಮುಂದಕ್ಕೆ ಹೇಳ್ತಿದೀನಿ."

ಶಾಮಣ್ಣನವರು ಕನ್ನಡಕ ತೆಗೆದು ಒರೆಸಿಕೊಂಡರು. ಸೊಣ್ಣಮ್ಮನಿಗೆ ಇದು ಸರಿ ಎಂದು ತಿಳಿಯಿತು. ತಿಳಿದದ್ದರಿಂದಲೇ ಇನ್ನೂ ಉರಿಯಿತು, ಯಾಕೆಂದರೆ ಇದನ್ನು ಹೇಳಬೇಕಾದವಳು ತಾನಾಗಿತ್ತು. "ಸರಿ ಅನ್ನೋರು ಕೈ ಎತ್ತಿ" ಎಂದು ಹೇಳಿ, ತಾನೂ ಕೈ ಎತ್ತಿದಳು. ಹತ್ತೂ ಕೈ ಮೇಲೆದ್ದವು.

ಅಲ್ಲಿಗೆ ಎಲ್ಲ ಮುಗಿಯಿತು, ಗೋವಿಂದಮ್ಮ ಉಳಿದಳು, ಸಂಘ ಉಳಿಯಿತು ಎಂದು ಸೊಣ್ಣಮ್ಮ ಉಸಿರು ಬಿಟ್ಟಳು. ಆದರೆ ಸಭೆ ಮುಗಿದಿರಲಿಲ್ಲ. ವರ್ಷಕ್ಕೊಮ್ಮೆ ಅಧ್ಯಕ್ಷೆಯನ್ನು ಆರಿಸಬೇಕು ಎಂದು ನಿಯಮವಿತ್ತು. ಅದೇನು ಸುಮ್ಮನೆ ಶಾಸ್ತ್ರಕ್ಕೆ ಎಂದು ಅವಳು ತಿಳಿದಿದ್ದಳು. ಅಷ್ಟರಲ್ಲಿ ಪಾರ್ವತಮ್ಮ ಗೋವಿಂದಮ್ಮನ ಹೆಸರು ಹೇಳಿದಳು.

"ಯಾಕೆ? ನಾನೇನು ಮಾಡಿದೀನಿ?" ಎಂದಳು ಸೊಣ್ಣಮ್ಮ.

ಪಾರ್ವತಮ್ಮ ಚಾಪೆಯ ಅಂಚು ಕೀಳುತ್ತ ಹೇಳಿದಳು: "ನೀನು ಕೆಟ್ಟೋಳು ಅಂತ ಯಾರು ಅಂದ್ರು ಸೊಣ್ಣಕ್ಕ. ನೀನಿಲ್ದಿದ್ರೆ ಇದು ಹುಟ್ತಾನೇ ಇರ್ಲಿಲ್ಲ. ಆದ್ರೆ ಸ್ವಲ್ಪ ಲೇಟಾದ್ರೆ ಕೊನೇ ಹೂವು ಹಾಕ್ತೀಯ. ಕನಕಾಂಬರ ಬೇಡ ಅಂತ ನೀನೊಬ್ಳೇ ತೀರ್ಮಾನ ಮಾಡ್ದೆ. ಯಾಕೆ ಅಂತ ಕೇಳಿದ್ರೆ ಸಿಡುಕ್ತೀಯ. ಬೈಲಪ್ಪಣ್ಣ ಆದ್ರೂ ನಕ್ಕೊಂಡು ಹಾಕ್ತಿದ್ದ."

ಇದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು. ಕೈ ಎತ್ತುವ ಹೊತ್ತು ಬಂತು. ಗೋವಿಂದಮ್ಮನಿಗೆ ಆರು ಕೈ. ಸೊಣ್ಣಮ್ಮನಿಗೆ ನಾಲ್ಕು, ಅದರಲ್ಲಿ ಒಂದು ಅವಳದೇ ಗಿಡ್ಡ ಕೈ. ಅವಳು ಸೊಂಟದಿಂದ ಬೀಗದ ಕೈ ಬಿಚ್ಚಿ ಚಾಪೆಯ ಮೇಲಿಟ್ಟಳು. ದಾರಿಯುದ್ದಕ್ಕೂ ಅತ್ತುಕೊಂಡೇ ಮನೆಗೆ ಹೋದಳು. ಜನ ನೋಡುತ್ತಾರೆ ಎಂಬ ಪರಿವೆಯೂ ಇರಲಿಲ್ಲ.

"ನಾಳೆಯಿಂದ ಹೋಗಲ್ಲ. ನಾನಿಲ್ದೆ ಒಂಬತ್ತು ಜನ ಹೆಂಗೆ ನಡೆಸ್ತಾರೋ ನಡೆಸ್ಲಿ" ಎಂದಳು ಗಂಡನಿಗೆ. ಸಂಘ ಬಿಟ್ಟೆನೆಂದು ಒಂದು ಚೀಟಿ ಬರೆದುಕೊಟ್ಟರೆ ಸಾಕು. ಸಂಘ ಮುಚ್ಚಿಹೋಗುತ್ತದೆ. ತಾನು ಹುಟ್ಟಿಸಿದ್ದನ್ನು ತಾನೇ ಮುಗಿಸಬಹುದು. ಹಾಗೆ ಯೋಚಿಸಿದಾಗ ಒಂದು ಗಳಿಗೆ ಹಾಯೆನಿಸಿದ್ದೂ ಸುಳ್ಳಲ್ಲ. ರಾಮಯ್ಯ ಅವಳ ಮುಂದೆ ಅನ್ನದ ತಟ್ಟೆ ಇಟ್ಟು ಪಕ್ಕದಲ್ಲಿ ಕೂತ. ಅವಳು ಉಣ್ಣುವವರೆಗೆ ಏಳಲಿಲ್ಲ.

ಬೆಳಗ್ಗೆ ಕಾಲುಗಳು ತಾವಾಗಿಯೇ ನಾಲ್ಕನೇ ಬ್ಲಾಕಿನ ಕಡೆ ನಡೆದವು. ಸುದ್ದಿ ಬೈಲಪ್ಪನಿಗೆ ಆಗಲೇ ಮುಟ್ಟಿತ್ತು. ಅವನು ಟೆಂಪೋದಿಂದ ಇಳಿದು ಎದುರು ಬಂದ, ಕೈಯಲ್ಲಿ ಬಾಳೆ ಎಲೆ ಮುಚ್ಚಿದ ಬುಟ್ಟಿ.

"ಬಾ ತಂಗಿ. ನೀನು ಮಾಡಿದ ಸಂಘದಿಂದ ನಿನ್ನನ್ನೇ ಇಳಿಸಿದ್ರಂತೆ. ನಂಗೆ ನಿಜ್ವಾಗ್ಲೂ ಬೇಜಾರಾಯ್ತು ಕಣವ್ವ. ನೋಡು, ಇವತ್ತು ಬಂದಿರೋದ್ರಲ್ಲಿ ಒಳ್ಳೇ ಮೊಗ್ಗು ನಿಂಗೇ ಅಂತ ಎತ್ತಿಟ್ಟಿದೀನಿ."

ಎಲೆ ಸರಿಸಿ ತೋರಿಸಿದ. ಅಂಥ ಮಲ್ಲಿಗೆಯನ್ನು ಅವಳು ಈ ಜನ್ಮದಲ್ಲಿ ಕಂಡಿರಲಿಲ್ಲ. ಸೊಣ್ಣಮ್ಮ ಬುಟ್ಟಿಯನ್ನು ನೋಡಿದಳು, ಅವನ ಮುಖವನ್ನು ನೋಡಿದಳು.

"ಏನು ರೇಟಣ್ಣ ಇದು ಮಾರ್ಕೆಟ್‌ನಾಗೆ?"

ಬೈಲಪ್ಪ ಮುಗುಳ್ನಕ್ಕ. "ನಿಂಗ್ಯಾಕೆ ತಂಗಿ ಆ ತಲೆನೋವು?" ಎಂದ.

ಸೊಣ್ಣಮ್ಮ ಸರಕ್ಕನೆ ತಿರುಗಿ ಶೆಡ್ಡಿನ ದಾರಿ ಹಿಡಿದಳು. ಅಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ಅವಳನ್ನು ಕಂಡು ಮುನಿಯಕ್ಕ ಸರಿದು ಮುಂದೆ ಜಾಗ ಬಿಟ್ಟಳು. ಸೊಣ್ಣಮ್ಮ ಬೇಡವೆಂದು ತಲೆಯಾಡಿಸಿ ಕೊನೆಯಲ್ಲಿ ನಿಂತಳು. ಆ ಸಾಲಿನಲ್ಲಿ ನಿಂತು ಅವಳಿಗೆ ಅಭ್ಯಾಸವೇ ಇರಲಿಲ್ಲ. ಮುಂದಿನವಳ ಬೆನ್ನು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅವಮಾನ ಇನ್ನೂ ಬಿಸಿಯಾಗಿಯೇ ಇತ್ತು.

ಅವಳ ಸರದಿ ಬಂತು. ಗೋವಿಂದಮ್ಮ ತಲೆ ಎತ್ತದೆ ತಕ್ಕಡಿಗೆ ಹೂವು ಸುರಿದು ಎತ್ತಿದಳು. ಮೊದಲನೆ ದಿನ, ಕೈ ಪಳಗಿರಲಿಲ್ಲ, ಎದುರಿಗೆ ನಿಂತವಳು ಯಾರೆಂಬ ಗಾಬರಿ ಬೇರೆ. ಮುಳ್ಳು ನಿಲ್ಲುವ ಮೊದಲೇ ಹೂವನ್ನು ಬುಟ್ಟಿಗೆ ಸುರಿಯಲು ಹೋದಳು.

"ಏ, ನಿಲ್ಸು" ಎಂದಳು ಸೊಣ್ಣಮ್ಮ. "ಮುಳ್ಳು ನಿಲ್ಲೋಕೆ ಬಿಡು. ಆಮೇಲೆ ಸುರಿ."

ಹೂವು ಹಾಕಿಸಿಕೊಂಡು ಹೊರಟಿದ್ದವರೆಲ್ಲ ತಿರುಗಿ ನೋಡಿದರು. ಗೋವಿಂದಮ್ಮನಿಗೆ ರೇಗಿತು. "ಈಗ ನೀನು ಅಧ್ಯಕ್ಷೆ ಅಲ್ಲ ಸೊಣ್ಣಿ. ಸುಮ್ನೆ ತಗೊಂಡು ಹೋಗು."

"ಅಧ್ಯಕ್ಷೆ ಅಲ್ಲ, ಗೊತ್ತು" ಎಂದಳು ಸೊಣ್ಣಮ್ಮ. ಅವಳ ದನಿ ಗಟ್ಟಿಯಾಗಿತ್ತು, ಕಣ್ಣು ಒದ್ದೆಯಾಗಿತ್ತು. "ಮೆಂಬರು ಕಣೆ. ಬೈಲಪ್ಪಣ್ಣನ ಹತ್ರ ಕೇಳೋ ಹಂಗಿರ್ಲಿಲ್ಲ, ಸುಮ್ನೆ ತಗೊಂಡು ಹೋಗ್ತಿದ್ದೆ. ಇದು ನನ್ನ ಸಂಘ. ಕೇಳ್ತೀನಿ. ಇನ್ನೊಂದು ಸಲ ತೂಗು."

ಗೋವಿಂದಮ್ಮ ಅವಳನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಆಮೇಲೆ ತಕ್ಕಡಿಯನ್ನು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊದಲಿನಿಂದ ತೂಗಿದಳು.